ಎಲ್ಲೆಗೆ ಮರಳಿದ ಸೇನೆಗಳು: 1784ರ ಮಂಗಳೂರು ಒಪ್ಪಂದವೂ ದಿಗ್ವ್ರತದ ವಿವೇಕವೂ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಸಣ್ಣ ಊರಿದೆ. ಸುತ್ತಲೂ ಕಾಫಿಯ ತೋಟಗಳು, ಮೇಲೆ ಹುಲ್ಲಿನ ಗುಡ್ಡಗಳು, ಕಣಿವೆಗಳಲ್ಲಿ ಶೋಲೆಯ ಕಾಡು. ಈ ಗಿರಿಶ್ರೇಣಿಯ ಪೂರ್ವಕ್ಕೆ ಬಯಲುಸೀಮೆ ಹರಡಿಕೊಂಡಿದೆ. ಪಶ್ಚಿಮಕ್ಕೆ ಮೂಡಿಗೆರೆ, ಕಳಸಗಳ ಮಲೆನಾಡು. ಅದರಾಚೆ ಘಟ್ಟವಿಳಿದರೆ ತುಳುನಾಡು. ಘಟ್ಟದ ಮೇಲು, ಘಟ್ಟದ ಕೆಳಗು ಎಂಬ ಈ ವಿಭಾಗವನ್ನು ನಿಸರ್ಗವೇ ಎಳೆದಿರುವ ಒಂದು ಎಲ್ಲೆಯೆನ್ನಬಹುದು. ಕಳಸ ಮತ್ತು ಕಾರ್ಕಳಗಳನ್ನು ಒಂದೇ ಆಳ್ವಿಕೆಯಲ್ಲಿ ಕೂಡಿಸಿಕೊಂಡಿದ್ದ ಜೈನ ಅರಸು ಮನೆತನ ಭೈರರಸರದು. ಆ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಬಾಹುಬಲಿಯನ್ನು ನಿಲ್ಲಿಸಿದನು. ಇಮ್ಮಡಿ ಭೈರವನು 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಅವರ ಕಾಲ ಕಳೆದು ಎರಡು ಶತಮಾನಗಳಾಗುವ ಹೊತ್ತಿಗೆ ಇದೇ ಘಟ್ಟಗಳ ದಾರಿಯಲ್ಲಿ ಪರದೇಶದ ದಂಡು ಮೇಲೇರಿತು. ಅದನ್ನು ಹಿಂದಕ್ಕಟ್ಟಲು ಮೈಸೂರಿನ ದಂಡು ಕೆಳಗಿಳಿಯಿತು. ಒಬ್ಬರ ನಾಡಿನಿಂದ ಇನ್ನೊಬ್ಬರ ಸೈನ್ಯವನ್ನು ಹಿಂದಕ್ಕೆ ಕರೆಸುವ ಮಾತುಕತೆ ಮಂಗಳೂರಿನಲ್ಲಿ ನಡೆಯಿತು. ಆ ಮಾತುಕತೆಯ ಇತಿಹಾಸವನ್ನು ಶ್ರಾವಕಧರ್ಮದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಗೃಹಸ್ಥನಿಗೆ ವಿಹಿತವಾದ ಹನ್ನೆರಡು ವ್ರತಗಳಲ್ಲಿ ಅಣುವ್ರತಗಳು ಐದು, ಗುಣವ್ರತಗಳು ಮೂರು, ಶಿಕ್ಷಾವ್ರತಗಳು ನಾಲ್ಕು. ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಇಂಥ ನದಿಯವರೆಗೆ, ಇಂಥ ಪರ್ವತದವರೆಗೆ, ಇಷ್ಟು ದೂರದವರೆಗೆ ಮಾತ್ರ ನನ್ನ ವ್ಯವಹಾರ ಎಂದು ಶ್ರಾವಕನು ದಿಕ್ಕುಗಳಿಗೆ ತಾನಾಗಿಯೇ ಮೇರೆ ಹಾಕಿಕೊಳ್ಳುವುದೇ ಈ ವ್ರತ. ಮೇರೆಯೊಳಗೆ ಇನ್ನೂ ಕಿರಿದಾದ ಕ್ಷೇತ್ರವನ್ನು ನಿಯತ ಕಾಲಕ್ಕೆ ಮಾತ್ರ ನಿರ್ಣಯಿಸಿಕೊಳ್ಳುವುದು ದೇಶವ್ರತ. ಪರಿಗ್ರಹವು ಲೋಭದಿಂದಲೂ, ಲೋಭವು ಎಲ್ಲೆ ಮೀರಿದ ಸಂಚಾರದಿಂದಲೂ ಬೆಳೆಯುತ್ತದೆ ಎಂಬುದನ್ನು ಪೂರ್ವಾಚಾರ್ಯರು ಬಲ್ಲವರಾಗಿದ್ದರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಿಗ್ವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಎಲ್ಲೆ ಮೀರುವುದು ಮೂರು; ಹಾಕಿಕೊಂಡ ಮೇರೆಯನ್ನು ಮುಂದಕ್ಕೆ ಸರಿಸುವ ಕ್ಷೇತ್ರವೃದ್ಧಿ ನಾಲ್ಕನೆಯದು; ಹಾಕಿಕೊಂಡ ಮೇರೆಯನ್ನೇ ಮರೆಯುವ ಸ್ಮೃತ್ಯಂತರಾಧಾನ ಐದನೆಯದು. ರಾಜ್ಯಗಳೂ ಇದೇ ಕ್ರಮದಲ್ಲಿ ಎಡವುತ್ತವೆ ಎಂಬುದಕ್ಕೆ ಮಂಗಳೂರಿನ ಒಪ್ಪಂದ ಸಾಕ್ಷಿಯಾಗಿದೆ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಆ ಗೆಲುವಿನೊಡನೆ ಕೆಳದಿಯ ಅರಸರ ಮಲೆನಾಡೂ ಕರಾವಳಿಯೂ ಅವನ ವಶವಾದವು. 1780ರ ಜುಲೈಯಲ್ಲಿ ಅವನು ದೊಡ್ಡ ಸೈನ್ಯದೊಡನೆ ಘಟ್ಟಗಳನ್ನಿಳಿದು ಆರ್ಕಾಟಿನ ನವಾಬನ ಕರ್ನಾಟಿಕ್ ಸೀಮೆಯನ್ನು ಹೊಕ್ಕನು. ನವಾಬನು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಆಶ್ರಿತನಾಗಿದ್ದನು. ಹಳ್ಳಿಗಳು ಉರಿದವು, ಕೆರೆಗಳು ಒಡೆದವು, ರೈತರು ಊರು ಬಿಟ್ಟು ಓಡಿದರು. 1782ರ ಡಿಸೆಂಬರ್ 7ರಂದು ಹೈದರನು ಪಾಳೆಯದಲ್ಲೇ ತೀರಿಕೊಂಡನು. ಯುದ್ಧ ಮಾತ್ರ ನಿಲ್ಲಲಿಲ್ಲ. ಹೀಗೆ ಪೂರ್ವದಲ್ಲಿ ಮೈಸೂರಿನ ಸೇನೆ ನೆರೆನಾಡಿನಲ್ಲಿ ಬೀಡುಬಿಟ್ಟಿತ್ತು.

ಪಶ್ಚಿಮದಲ್ಲಿ ಇದಕ್ಕೆ ಪ್ರತೀಕಾರ ನಡೆಯಿತು. ಮುಂಬಯಿಯಿಂದ ಬಂದ ಜನರಲ್ ಮ್ಯಾಥ್ಯೂಸನು ಕರಾವಳಿಯಲ್ಲಿ ಇಳಿದು ಹೊಸಂಗಡಿ ಘಟ್ಟವನ್ನು ಏರಿ 1783ರ ಜನವರಿಯಲ್ಲಿ ನಗರವನ್ನು ಹಿಡಿದನು. ಮಾರ್ಚ್ ತಿಂಗಳಲ್ಲಿ ಮಂಗಳೂರು ಕೋಟೆಯೂ ಇಂಗ್ಲಿಷರ ವಶವಾಯಿತು. ಮೆಣಸು, ಏಲಕ್ಕಿ, ಶ್ರೀಗಂಧಗಳ ವ್ಯಾಪಾರದಲ್ಲಿ ಕಂಪನಿಗಿದ್ದ ಆಸೆ ಈ ದಂಡಯಾತ್ರೆಯ ಹಿಂದೆ ಇತ್ತೆಂಬುದನ್ನು ಮರೆಯಬಾರದು. ಇಂದು ಮಲೆನಾಡಿನ ತೋಟಗಳಲ್ಲಿ ನೆರಳಿನ ಮರಗಳಿಗೆ ಹಬ್ಬಿರುವ ಮೆಣಸಿನ ಬಳ್ಳಿ ನೋಡುವವರಿಗೆ ಸಾಧುವಾಗಿ ಕಾಣುತ್ತದೆ. ಆ ಕರಿಯ ಕಾಳಿಗಾಗಿ ಸಮುದ್ರಗಳನ್ನು ದಾಟಿ ಬಂದ ಲೋಭವು ಸಾಧುವಾಗಿರಲಿಲ್ಲ.

ಟಿಪ್ಪು ಸುಲ್ತಾನನು ಕರ್ನಾಟಿಕ್‌ನಿಂದ ತ್ವರೆಯಾಗಿ ಮರಳಿ ನಗರವನ್ನು ಮುತ್ತಿದನು. ಏಪ್ರಿಲ್ ತಿಂಗಳ ಕೊನೆಯ ಹೊತ್ತಿಗೆ ಮ್ಯಾಥ್ಯೂಸನು ಶರಣಾಗಲು ಒಪ್ಪಿದನು. ಇಂಗ್ಲಿಷ್ ಪಡೆ ಸುರಕ್ಷಿತವಾಗಿ ಕರಾವಳಿಗೆ ಹೋಗಬೇಕು, ಸರಕಾರಿ ಭಂಡಾರವನ್ನು ಬಿಟ್ಟುಕೊಡಬೇಕು ಎಂಬುದು ಕರಾರು. ಆದರೆ ಭಂಡಾರ ಬರಿದಾಗಿತ್ತು. ಹಣವನ್ನು ಅಧಿಕಾರಿಗಳು ಹಂಚಿಕೊಂಡಿದ್ದಾರೆಂದು ಟಿಪ್ಪುವಿನ ಕಡೆಯವರು ಆರೋಪಿಸಿದರು. ಕರಾರು ಮುರಿಯಿತೆಂದು ಸಾರಿ ಅವನು ಇಡೀ ಪಡೆಯನ್ನು ಸೆರೆಯಲ್ಲಿಟ್ಟನು. ಮ್ಯಾಥ್ಯೂಸನು ಸೆರೆಯಲ್ಲೇ ಸತ್ತನು. ಒಂದು ಕಡೆ ಅಸ್ತೇಯಕ್ಕೆ ಭಂಗ, ಇನ್ನೊಂದು ಕಡೆ ಕೊಟ್ಟ ಮಾತಿಗೆ ಭಂಗ. ಶಾಂತಿಯ ಮೊದಲ ಅವಕಾಶ ಹೀಗೆ ಕೈತಪ್ಪಿತು. ಮೇಲಿನವರು ಮಾಡಿದ ಕಳವಿಗೆ ಕೆಳಗಿನ ಸಿಪಾಯಿಗಳು ಸಂಕೋಲೆ ತೊಟ್ಟರು.

ಮೇ ತಿಂಗಳಲ್ಲಿ ಮಂಗಳೂರಿನ ಮುತ್ತಿಗೆ ಆರಂಭವಾಯಿತು. ಕೋಟೆಯೊಳಗಿನ ಪಡೆಗೆ ಕರ್ನಲ್ ಕ್ಯಾಂಪ್‌ಬೆಲ್ ನಾಯಕ. ಟಿಪ್ಪುವಿನ ಬಲಕ್ಕೆ ಫ್ರೆಂಚ್ ತುಕಡಿಯೊಂದು ಸೇರಿಕೊಂಡಿತ್ತು. ಆಗ ದೂರದ ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳು 1783ರ ಜನವರಿಯಲ್ಲೇ ಪ್ರಾಥಮಿಕ ಸಂಧಿ ಮಾಡಿಕೊಂಡಿದ್ದವು. ಆ ಸುದ್ದಿ ಕಡಲೂರನ್ನು ತಲುಪಲು ಸುಮಾರು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಕಡಲೂರಿನ ಸುತ್ತ ಸತ್ತವರು, ತಮ್ಮ ರಾಜರು ಈಗಾಗಲೇ ಮುಗಿಸಿದ್ದ ಯುದ್ಧದಲ್ಲಿ ಸತ್ತವರು. ಸುದ್ದಿ ಬಂದೊಡನೆ ಫ್ರೆಂಚ್ ಸೇನಾನಿ ಬುಸ್ಸಿಯು ಮಂಗಳೂರಿನಲ್ಲಿದ್ದ ತನ್ನ ತುಕಡಿಗೆ ಯುದ್ಧದಿಂದ ಹಿಂದೆ ಸರಿಯುವಂತೆ ಆಜ್ಞೆ ಕಳುಹಿಸಿದನು. ಮಿತ್ರರು ಅರ್ಧದಲ್ಲಿ ಕೈಬಿಟ್ಟರೆಂದು ಟಿಪ್ಪು ಕ್ರುದ್ಧನಾದರೂ, ಆ ಹಿಂದೆಗೆತವೇ ಮಾತುಕತೆಗೆ ದಾರಿ ತೆರೆಯಿತು. 1783ರ ಆಗಸ್ಟ್ 2ರಂದು ಕದನವಿರಾಮ ಏರ್ಪಟ್ಟಿತು.

ಕದನವಿರಾಮವನ್ನು ರಾಜ್ಯಗಳ ದೇಶವ್ರತವೆನ್ನಬಹುದು: ನಿಯತ ಕಾಲದವರೆಗೆ ಇದ್ದಲ್ಲೇ ಇರುವುದು. ದೇಶವ್ರತದ ಅತಿಚಾರಗಳು ವಿಲಕ್ಷಣವಾಗಿವೆ. ತಾನು ಗೆರೆಯೊಳಗೆ ಕುಳಿತೇ ಹೊರಗಿನಿಂದ ವಸ್ತು ತರಿಸುವುದು, ಆಳನ್ನು ಕಳುಹಿಸುವುದು, ದನಿಯಿಂದಲೋ ಸನ್ನೆಯಿಂದಲೋ ಹೊರಗಿನವರನ್ನು ಪ್ರೇರಿಸುವುದು, ಕಲ್ಲೆಸೆದು ಎಚ್ಚರಿಸುವುದು. ದೇಹ ಗೆರೆ ದಾಟಿಲ್ಲ, ಮನಸ್ಸು ದಾಟಿದೆ. ಮಂಗಳೂರಿನಲ್ಲಿ ನಡೆದದ್ದು ಇದೇ. ಕೋಟೆಗೆ ಆಹಾರ ಒದಗಿಸಲು ಅವಕಾಶವಿರಬೇಕೆಂಬ ಷರತ್ತು ಇತ್ತು. ಅದರ ಅರ್ಥದ ಬಗ್ಗೆಯೇ ಜಗಳ ಹುಟ್ಟಿ ಪೂರೈಕೆ ಕ್ಷೀಣಿಸುತ್ತ ಹೋಯಿತು. ಗುಂಡಿನ ಸದ್ದಿರಲಿಲ್ಲ, ಹಸಿವು ಮಾತ್ರ ಇತ್ತು. ನವೆಂಬರಿನಲ್ಲಿ ಜನರಲ್ ಮ್ಯಾಕ್ಲಾಯ್ಡನ ಹಡಗುಗಳು ಬಂದರಿನೆದುರು ನಿಂತು, ಕದನವಿರಾಮ ಮುರಿಯಲು ಹಿಂಜರಿದು, ಹಿಂದಿರುಗಿದವು. ಒಳಗಿದ್ದವರು ಕುದುರೆಯ ಮಾಂಸಕ್ಕೂ ಕೈಚಾಚುವ ಸ್ಥಿತಿಗೆ ಬಂದರು. ಸ್ಕರ್ವಿ ರೋಗ ಹಬ್ಬಿತು. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆಯನ್ನು ಒಪ್ಪಿಸಿದನು. ಈ ಸಲ ಟಿಪ್ಪು ಮಾತನ್ನು ನಡೆಸಿಕೊಟ್ಟನು. ಉಳಿದವರು ಆಯುಧಸಹಿತ ಹೊರಬಂದು ಹಡಗಿನಲ್ಲಿ ತಲಶ್ಶೇರಿಗೆ ಹೋದರು. ಅಕ್ಷರವನ್ನು ಉಳಿಸಿ ಆಶಯವನ್ನು ಕೊಲ್ಲುವ ಕದನವಿರಾಮ ಅಹಿಂಸೆಯಲ್ಲ. ಅದು ಸದ್ದಿಲ್ಲದ ಹಿಂಸೆ ಎಂಬುದನ್ನು ಆ ಆರು ತಿಂಗಳುಗಳು ತೋರಿಸಿಕೊಟ್ಟವು.

ಇತ್ತ ಮದರಾಸಿನ ಗವರ್ನರ್ ಲಾರ್ಡ್ ಮೆಕಾರ್ಟ್ನಿಯು ಸಂಧಿಗೆ ಆತುರನಾಗಿದ್ದನು. ಅವನ ಬೊಕ್ಕಸ ಬರಿದಾಗಿತ್ತು, ಕರ್ನಾಟಿಕ್ ಪಾಳುಬಿದ್ದಿತ್ತು. ಟಿಪ್ಪುವಿನ ವಕೀಲನಾದ ಅಪ್ಪಾಜಿರಾಮನೊಡನೆ ಮದರಾಸಿನಲ್ಲಿ ಮಾತುಕತೆ ನಡೆದ ಮೇಲೆ, ಆಂಥೊನಿ ಸ್ಯಾಡ್ಲಿಯರ್ ಮತ್ತು ಜಾರ್ಜ್ ಸ್ಟಾಂಟನ್ ಎಂಬ ಇಬ್ಬರು ನಿಯೋಗಿಗಳು ಟಿಪ್ಪುವಿನ ಪಾಳೆಯಕ್ಕೆ ಹೊರಟರು. ಅವರಿಬ್ಬರಲ್ಲಿ ಒಮ್ಮತವಿಲ್ಲದುದರಿಂದ ಜಾನ್ ಹಡ್ಲ್‌ಸ್ಟನ್ ಎಂಬ ಮೂರನೆಯವನನ್ನು ಸೇರಿಸಬೇಕಾಯಿತು. ಅದೇ ವೇಳೆಗೆ ದಕ್ಷಿಣದಲ್ಲಿ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡನ್ನೂ ಕೊಯಮತ್ತೂರನ್ನೂ ಹಿಡಿದು ಶ್ರೀರಂಗಪಟ್ಟಣದತ್ತ ಕಣ್ಣು ಹಾಯಿಸಿದ್ದನು. ಸಂಧಿಗೆ ಅಡ್ಡಿಯಾಗಬಾರದೆಂದು ಮದರಾಸು ಅವನನ್ನು ತಡೆದು ಹಿಂದೆಗೆಯಲು ಆಜ್ಞಾಪಿಸಿತು. ಗೆಲುವಿನ ಬಾಗಿಲಲ್ಲಿ ನಿಂತವನನ್ನು ಹಿಂದಕ್ಕೆ ಕರೆದದ್ದಕ್ಕಾಗಿ ಮೆಕಾರ್ಟ್ನಿಯನ್ನು ಆ ಕಾಲದ ಇಂಗ್ಲಿಷರನೇಕರು ಬೈದರು. ಆದರೆ ಶಾಂತಿಯ ಮಾತಾಡುತ್ತಲೇ ನೆಲ ಕಬಳಿಸುವುದು ಕ್ಷೇತ್ರವೃದ್ಧಿಯೇ ಹೊರತು ಬೇರೇನಲ್ಲ.

ನಿಯೋಗಿಗಳು 1784ರ ಫೆಬ್ರವರಿ ಮೊದಲ ವಾರದಲ್ಲಿ ಮಂಗಳೂರನ್ನು ಸೇರಿದರು. ಮಾತುಕತೆಯ ತೊಡಕು ಒಂದೇ ಪ್ರಶ್ನೆಯಲ್ಲಿತ್ತು: ಮೊದಲು ಕೈಬಿಡಬೇಕಾದವರು ಯಾರು? ಟಿಪ್ಪುವಿನ ಬಳಿ ಸೆರೆಯಾಳುಗಳಿದ್ದರು, ಕರ್ನಾಟಿಕ್‌ನ ಕೋಟೆಗಳಿದ್ದವು. ಇಂಗ್ಲಿಷರ ಬಳಿ ಕರಾವಳಿಯ ಮತ್ತು ದಕ್ಷಿಣದ ಕೋಟೆಗಳಿದ್ದವು. ಕೋಟೆ ಬಿಟ್ಟ ಮೇಲೆ ಸೆರೆಯಾಳುಗಳನ್ನು ಬಿಡದಿದ್ದರೆ? ಸೆರೆಯಾಳುಗಳನ್ನು ಬಿಟ್ಟ ಮೇಲೆ ಕೋಟೆ ಬಿಡದಿದ್ದರೆ? ಇಬ್ಬರ ಅನುಮಾನಕ್ಕೂ ಆಧಾರವಿತ್ತು. ನಗರದ ಘಟನೆ ಇಬ್ಬರ ನೆನಪಿನಲ್ಲೂ ಹಸಿಯಾಗಿತ್ತು.

1784ರ ಮಾರ್ಚ್ 11ರಂದು ಸಹಿಯಾದ ಒಪ್ಪಂದವು ಈ ಪ್ರಶ್ನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿತು. ಟಿಪ್ಪುವು ಮೂವತ್ತು ದಿನಗಳೊಳಗೆ ಆಂಬೂರು ಮತ್ತು ಸಾತ್‌ಗಢ ಎಂಬ ಎರಡು ಕೋಟೆಗಳನ್ನುಳಿದು ಇಡೀ ಕರ್ನಾಟಿಕ್‌ನಿಂದ ಸೇನೆಯನ್ನು ತೆಗೆಯಬೇಕು, ಸೆರೆಯಾಳುಗಳನ್ನು ಬಿಡಬೇಕು. ಇಂಗ್ಲಿಷರು ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನೂ ದಕ್ಷಿಣದಲ್ಲಿ ಕರೂರು, ಅರವಕುರಿಚಿ, ಧಾರಾಪುರಗಳನ್ನೂ ಬಿಡಬೇಕು. ಕರಾವಳಿಯಿಂದ ಹೊರಡುವ ಅವರ ಪಡೆಗೆ ಟಿಪ್ಪುವಿನ ಅಧಿಕಾರಿಗಳು ಬೆಲೆ ಪಡೆದು ಆಹಾರ ಒದಗಿಸಬೇಕು. ಸೆರೆಯಾಳುಗಳು ಬಿಡುಗಡೆಯಾದ ಮೇಲೆ ದಿಂಡಿಗಲ್ಲನ್ನು ಬಿಡಬೇಕು. ಕಡೆಯದಾಗಿ ಕಣ್ಣೂರು ಕೋಟೆ ಅಲ್ಲಿನ ಬೀಬಿಗೆ ಸೇರುವಾಗಲೇ ಆಂಬೂರು, ಸಾತ್‌ಗಢಗಳು ಇಂಗ್ಲಿಷರಿಗೆ ಮರಳಬೇಕು. ಯಾರೂ ಒಮ್ಮೆಗೇ ಬರಿಗೈಯಾಗದಂತೆ, ಒಬ್ಬರ ಹೆಜ್ಜೆ ಇನ್ನೊಬ್ಬರ ಹೆಜ್ಜೆಗೆ ಜಾಮೀನಾಗುವಂತೆ ರಚಿಸಿದ ಈ ಕ್ರಮದಲ್ಲಿ ವಿವೇಕವಿದೆ. ಪರಸ್ಪರ ನಂಬಿಕೆ ಇಲ್ಲದವರೂ ನಂಬಿಕೆಯಿಂದ ನಡೆಯುವಂತೆ ಮಾಡುವುದೇ ಒಳ್ಳೆಯ ಕರಾರಿನ ಲಕ್ಷಣ. ಗೆದ್ದ ನೆಲವನ್ನು ಇಬ್ಬರೂ ಬಿಟ್ಟುಕೊಟ್ಟು ತಂತಮ್ಮ ಹಿಂದಿನ ಎಲ್ಲೆಗೆ ಮರಳಿದರು.

ಆದರೆ ಒಪ್ಪಂದದ ನ್ಯೂನತೆಯೂ ಅಷ್ಟೇ ಸ್ಪಷ್ಟವಾಗಿದೆ. ಯುದ್ಧದಲ್ಲಿ ಇಂಗ್ಲಿಷರಿಗೆ ಒಲಿದಿದ್ದ ಕರಾವಳಿಯ ರಾಜರಿಗೂ ಜಮೀನುದಾರರಿಗೂ ತೊಂದರೆ ಕೊಡಬಾರದೆಂದು ಅದರಲ್ಲಿ ಬರೆದಿತ್ತು. ಬಡವನಿಗೆ, ಹೆಸರಿಲ್ಲದವನಿಗೆ ಅಂಥ ಅಭಯವಿರಲಿಲ್ಲ. ಅದೇ 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದು ಸೆರೆಯಿಡಲಾಯಿತು. ಅವರ ಸಂಖ್ಯೆಯ ವಿಷಯದಲ್ಲಿ ಲೆಕ್ಕಗಳು ಬೇರೆಬೇರೆಯಾಗಿವೆ. ಅವರಲ್ಲಿ ಅನೇಕರು ಮರಳಲಿಲ್ಲವೆಂಬುದರಲ್ಲಿ ಭಿನ್ನಮತವಿಲ್ಲ. ಇದನ್ನು ಒಂದು ಮತದ ಮೇಲೆ ಇನ್ನೊಂದು ಮತದ ದ್ವೇಷವೆಂದಷ್ಟೇ ಓದುವುದು ಸಾಲದು. 1791ರಲ್ಲಿ ಮರಾಠರ ಪರಶುರಾಮ ಭಾವೆಯ ದಂಡಿನವರು ಇದೇ ಮಲೆನಾಡಿನ ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ, ಮಠದ ಪುನರುದ್ಧಾರಕ್ಕೆ ನೆರವಿತ್ತವನು ಇದೇ ಟಿಪ್ಪು ಸುಲ್ತಾನ. ಎಲ್ಲೆ ಮೀರಿದ ಸೈನ್ಯಕ್ಕೆ ಸ್ವಮತವೂ ಇಲ್ಲ, ಪರಮತವೂ ಇಲ್ಲ. ಸೇಡಿನಿಂದ ಕುರುಡಾದ ರಾಜನೀತಿಗೆ ಪ್ರಜೆಗಳ ಮುಖ ಕಾಣಿಸುವುದಿಲ್ಲ. ಸೆರೆಯಾಳುಗಳ ವಿಷಯದಲ್ಲೂ ಕರಾರು ಪೂರ್ತಿಯಾಗಲಿಲ್ಲ. ಬಹುಮಂದಿ ಬಿಡುಗಡೆಯಾದರು, ಕೆಲವರನ್ನು, ವಿಶೇಷವಾಗಿ ಎಳೆಯ ಹುಡುಗರನ್ನು, ಉಳಿಸಿಕೊಳ್ಳಲಾಯಿತು.

ಇನ್ನೊಂದು ಕಡೆ, ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನೇ ಒಪ್ಪಂದವನ್ನು ಮೆಚ್ಚಲಿಲ್ಲ. ಸಮಬಲದ ಸಂಧಿಯನ್ನು ಅವನ ಪಕ್ಷದವರು ಅವಮಾನವೆಂದು ಎಣಿಸಿದರು. ಇತ್ತ ತಿರುವಾಂಕೂರಿನ ರಾಜನನ್ನು ಇಂಗ್ಲಿಷರ ಮಿತ್ರನೆಂದು ಒಪ್ಪಂದದಲ್ಲಿ ಒಪ್ಪಿಕೊಂಡಿದ್ದ ಟಿಪ್ಪು, 1789ರ ಡಿಸೆಂಬರ್ ಕೊನೆಯಲ್ಲಿ ಅದೇ ತಿರುವಾಂಕೂರಿನ ರಕ್ಷಣಾಗೋಡೆಯ ಮೇಲೆ ದಾಳಿಯಿಟ್ಟನು. ಒಬ್ಬರು ಎಲ್ಲೆಯನ್ನು ಮನಸಾರೆ ಒಪ್ಪಲಿಲ್ಲ, ಇನ್ನೊಬ್ಬರು ಒಪ್ಪಿದ್ದನ್ನು ಮರೆತರು. ಐದನೆಯ ಅತಿಚಾರವಾದ ಸ್ಮೃತ್ಯಂತರಾಧಾನವು ಉಳಿದ ನಾಲ್ಕಕ್ಕಿಂತ ಭೀಕರವೆಂಬುದಕ್ಕೆ ಮುಂದಿನ ಹತ್ತು ವರ್ಷಗಳೇ ಪ್ರಮಾಣ. 1792ರ ಶ್ರೀರಂಗಪಟ್ಟಣದ ಸಂಧಿಯಲ್ಲಿ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳೂ ಟಿಪ್ಪುವಿನ ಕೈಬಿಟ್ಟವು. ಅವನ ಇಬ್ಬರು ಚಿಕ್ಕ ಮಕ್ಕಳು ಒತ್ತೆಯಾಳುಗಳಾಗಿ ಹೋದರು. 1799ರ ಮೇ 4ರಂದು ಅವನು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತ ಮಡಿದನು. ಅನಂತರ ಮೈಸೂರಿನೊಳಗೆ ಕಂಪನಿಯ ಸೈನ್ಯ ನೆಲೆನಿಂತಿತು. ಅದರ ಖರ್ಚಿಗೆ ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಮೈಸೂರೇ ತೆರಬೇಕಾಯಿತು. 1784ರಲ್ಲಿ ಮಾತಿನಿಂದ ಹಿಂದಿರುಗಿದ್ದ ಪರದೇಶದ ಸೇನೆ 1799ರಲ್ಲಿ ಮರಳಿ ಬಂದು ಒಂದೂವರೆ ಶತಮಾನ ಉಳಿಯಿತು. ಸ್ವತಂತ್ರ ಭಾರತವನ್ನು ಬಿಟ್ಟ ಕೊನೆಯ ಬ್ರಿಟಿಷ್ ಪಡೆ ಮುಂಬಯಿಯಲ್ಲಿ ಹಡಗು ಹತ್ತಿದ್ದು 1948ರ ಫೆಬ್ರವರಿ 28ರಂದು.

ಹಳೆಯ ರಾಜರ ಕಾಲದ ಈ ತೊಡಕು ಪ್ರಜಾಪ್ರಭುತ್ವದ ಕಾಲದಲ್ಲೂ ತಪ್ಪಿಲ್ಲ. 1987ರ ಜುಲೈ 29ರ ಒಪ್ಪಂದದಂತೆ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕೆಗೆ ಹೋಯಿತು. 1989ರಲ್ಲಿ ಅಲ್ಲಿನ ಅಧ್ಯಕ್ಷ ಪ್ರೇಮದಾಸರು ಪಡೆ ಹಿಂದಿರುಗಬೇಕೆಂದು ಗಡುವು ವಿಧಿಸಿದರು. ತಮಿಳು ಜನರ ಸುರಕ್ಷತೆಗೆ ಭರವಸೆ ಮೊದಲಾಗಬೇಕೆಂದು ಭಾರತ ಹೇಳಿತು. ಮೊದಲು ಯಾವುದು ಎಂಬ ಮಂಗಳೂರಿನ ಪ್ರಶ್ನೆಯೇ ಮತ್ತೆ ಎದ್ದಿತು. 1989ರ ಸೆಪ್ಟೆಂಬರ್ 18ರ ಒಪ್ಪಂದದಿಂದ ದಾರಿ ಸಿಕ್ಕಿ, 1990ರ ಮಾರ್ಚ್ 24ರಂದು ಕೊನೆಯ ತುಕಡಿ ತ್ರಿಂಕೋಮಲಿಯಿಂದ ಹೊರಟಿತು. ಸಾವಿರಕ್ಕೂ ಮಿಕ್ಕ ಭಾರತೀಯ ಯೋಧರು ಅಲ್ಲಿ ಪ್ರಾಣತೆತ್ತಿದ್ದರು. ಸೈನ್ಯ ಹೊರಟ ಮೂರು ತಿಂಗಳೊಳಗೆ ದ್ವೀಪದಲ್ಲಿ ಯುದ್ಧ ಮರಳಿ ಹೊತ್ತಿಕೊಂಡಿತು. ಸೈನ್ಯ ಹೊರಟುಹೋಗುವುದು ಶಾಂತಿಯ ಆರಂಭವಾಗಬಲ್ಲದು, ಅದೇ ಶಾಂತಿಯಲ್ಲ.

ಹಾಗಾದರೆ ಬಾಳಿಕೆ ಬರುವ ಒಡಂಬಡಿಕೆ ಎಂಥದು? ಇದಕ್ಕೆ ಜೈನ ಸಮಾಜವು ದೂರ ಹುಡುಕಬೇಕಾಗಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಸಂಧಿ ಮಾಡಿಸಿದ ವೃತ್ತಾಂತ ಶ್ರವಣಬೆಳಗೊಳದ ಶಾಸನದಲ್ಲಿದೆ. ಅಲ್ಲಿ ಮಾತನ್ನು ನೆನಪಿಗಷ್ಟೇ ಬಿಡಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವುದು, ಮಿಕ್ಕ ಹಣದಿಂದ ಜೀರ್ಣವಾದ ಬಸದಿಗಳನ್ನು ದುರಸ್ತಿ ಮಾಡಿಸುವುದು. ಇದರ ಹೊಣೆ ತಿರುಮಲೆಯ ತಾತಯ್ಯನೆಂಬ ವೈಷ್ಣವ ಹಿರಿಯನದು. ಎದುರು ಪಕ್ಷದವನನ್ನೇ ರಕ್ಷಣೆಯ ಹೊಣೆಗಾರನನ್ನಾಗಿಸಿದ ಆ ವ್ಯವಸ್ಥೆಯಲ್ಲಿ ಒಡಂಬಡಿಕೆಯು ಪ್ರತಿವರ್ಷವೂ, ಪ್ರತಿಮನೆಯಲ್ಲೂ ಹೊಸದಾಗಿ ನೆನಪಾಗುತ್ತಿತ್ತು. ಆಯುಧ ಹಿಡಿದ ಇಪ್ಪತ್ತು ಜನ ಅಲ್ಲಿಯೂ ಇದ್ದರು. ಆದರೆ ಅವರು ಇಬ್ಬರ ಸಮ್ಮತಿಯಿಂದ ನಿಂತವರು.

ಬಸದಿಯ ಆಡಳಿತ ಮಂಡಳಿಗಳಿಗೂ ಕುಟುಂಬಗಳಿಗೂ ಈ ಎರಡು ಒಡಂಬಡಿಕೆಗಳ ಹೋಲಿಕೆ ಉಪಯುಕ್ತವಾದುದು. ನೆಲದ ಗಡಿ, ಪೂಜೆಯ ಸರದಿ, ದಾಯಾದಿಗಳ ಪಾಲು, ಯಾವುದೇ ವ್ಯಾಜ್ಯವಿರಲಿ, ರಾಜಿಯ ಪತ್ರದಲ್ಲಿ ಮೂರು ಸಂಗತಿಗಳು ಇರಬೇಕಾಗುತ್ತದೆ. ಎಲ್ಲೆ ಯಾವುದೆಂಬ ಸ್ಪಷ್ಟತೆ ಒಂದು. ಯಾರು ಯಾವಾಗ ಏನನ್ನು ಬಿಡಬೇಕೆಂಬ ಕ್ರಮ ಎರಡು. ಆ ಪತ್ರದಲ್ಲಿ ಹೆಸರು ಬಾರದ ದುರ್ಬಲರಿಗೂ ಅಭಯ ಮೂರು. ಮಂಗಳೂರಿನ ಒಪ್ಪಂದದಲ್ಲಿ ಮೊದಲೆರಡು ಇದ್ದವು, ಮೂರನೆಯದಿರಲಿಲ್ಲ. ಈ ಮೂರೂ ಇದ್ದು, ವರ್ಷವರ್ಷವೂ ಅದನ್ನು ಓದಿ ನೆನಪಿಸಿಕೊಳ್ಳುವ ಪದ್ಧತಿ ಇಲ್ಲದಿದ್ದರೆ ಪತ್ರವು ಪೆಟ್ಟಿಗೆಯಲ್ಲಿ ಉಳಿಯುತ್ತದೆ, ವೈರ ಬೀದಿಗೆ ಬರುತ್ತದೆ.

ಕಾರ್ಕಳದ ಬೆಟ್ಟದ ಮೇಲೆ ನಿಂತಿರುವ ಮೂರ್ತಿಯೂ ಇದನ್ನೇ ಹೇಳುತ್ತದೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಸಾಯುವುದು ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಇಬ್ಬರನ್ನೂ ಒಪ್ಪಿಸಿದರು. ಗೆದ್ದ ಬಾಹುಬಲಿ ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೊರಟನು. ವರ್ಷವಿಡೀ ನಿಂತರೂ ಕೇವಲಜ್ಞಾನ ಲಭಿಸಲಿಲ್ಲ. ತಾನು ನಿಂತ ನೆಲ ಭರತನದೆಂಬ ಶಲ್ಯ ಮನಸ್ಸಿನಲ್ಲಿ ಚುಚ್ಚುತ್ತಿತ್ತೆಂಬ ಕಥನ ಕನ್ನಡ ನಾಡಿನಲ್ಲಿ ಪ್ರಸಿದ್ಧವಾಗಿದೆ. ಭರತನೇ ಬಂದು ವಂದಿಸಿದ ಮೇಲೆ ಆ ಶಲ್ಯ ಕಳೆಯಿತು. ಎರಡು ಪಾದ ಊರುವಷ್ಟು ಪರರ ನೆಲವೂ ಆ ಮಹಾತ್ಮನಿಗೆ ಭಾರವಾಯಿತು. ಹೊನ್ನಾವರ, ದಿಂಡಿಗಲ್ಲು, ಆಂಬೂರು ಎಂದು ಕೋಟೆಗಳನ್ನು ಎಣಿಸಿ ಬಿಟ್ಟುಕೊಟ್ಟವರ ಮನಸ್ಸಿನಲ್ಲಿ ಆ ಭಾರ ಹುಟ್ಟಲಿಲ್ಲ. ಆದುದರಿಂದಲೇ ಅವರ ಸೇನೆಗಳು ಎಲ್ಲೆಗೆ ಮರಳಿದರೂ ಯುದ್ಧ ಎಲ್ಲೆಗೆ ಮರಳಲಿಲ್ಲ.